ಮೊದಲ ಸುತ್ತು

ಮಹಾರಾಷ್ಟ್ರದ ಗಡಿಯೂರು ಅಕ್ಕಲಕೋಟೆಯಲ್ಲಿ ನಮ್ಮ ಅಕ್ಕನ ಮನೆ. ಮಾಳಿಗೆ ಮೇಲಿನ ಕೋಣೆ. ಮಂಚಕ್ಕೆ ಹಾಸಿದ್ದು ಹಳೆಯ ಸೊಲ್ಲಾಪುರಿ ಚಾದರ, ಚಾದರದ ಮೇಲೆ ಕೀಬೋರ್ಡು, ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ ನನ್ನ ಅಳಿಯ. ಒಂಬತ್ತನೇ ಇಯತ್ತೆಯ ಹುಡುಗ. ಪರದೆ ಒಮ್ಮೆ ಕಪ್ಪಾಯಿತು. ಅವನು ಉಸಿರು ಬಿಗಿಹಿಡಿದ, ನಾನೂ ಹಿಡಿದೆ. ಮರುಗಳಿಗೆ ಎಂಜಿನ್ನಿನ ಗುಡುಗು, ಡಾಂಬರಿನ ಮೇಲೆ ಬಿದ್ದ ಹೊಂಬಿಸಿಲು, ಎಲೆ ಹಣ್ಣಾದ ಸಾಲುಮರ, ನಡುವೆ ಬೆಳ್ಳಿ ಮೈಗೆ ನೀಲಿ ಬರೆ ಎಳೆದ ಒಂದು ಕಾರು.

"ಮಾಮಾ, ಓಡ್ಲಿಕತ್ತದ! ಖರೇನೇ ಓಡ್ಲಿಕತ್ತದ ನೋಡ್ರಿ!"

ಕೆಳಗಿನ ಅಡುಗೆಮನೆಯಿಂದ ಅಕ್ಕ, "ಏನಾತೋ?" ಎಂದಳು. ಏನಾಗಿತ್ತು ಎಂದು ಅವಳಿಗೆ ಹೇಳುವುದು ಅಷ್ಟು ಸುಲಭವಿರಲಿಲ್ಲ. ಓಡಬಾರದ್ದು ಓಡುತ್ತಿತ್ತು.

ಆ ಕಂಪ್ಯೂಟರು 2016ರಲ್ಲಿ ಕೊಂಡದ್ದು. ಅದರಲ್ಲಿದ್ದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಭಾಗಗಳು ಈ ಹಳೆಯ ಯಂತ್ರದಲ್ಲಿಲ್ಲ. ಹಾಗೆಂದು ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಹಾಕಲು ಯಾರಿಗೆ ಮನಸ್ಸು ಬರುತ್ತದೆ? ಹುಡುಗ ಲಿನಕ್ಸ್ ಹಾಕಿಕೊಂಡ. ಅಭ್ಯಾಸಕ್ಕೆ, ಸಿನಿಮಾಕ್ಕೆ ಏನೂ ಅಡ್ಡಿಯಾಗಲಿಲ್ಲ. ಆದರೆ ಅವನ ಅಣ್ಣನ ಕಾಲದಿಂದ ಮನೆಯಲ್ಲಿದ್ದ ಆ ಕಾರಿನ ಆಟ, 2005ರ 'ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್', ವಿಂಡೋಸಿಗೆಂದೇ ಬರೆದದ್ದು. ಲಿನಕ್ಸ್ ಎಂಬ ಹೆಸರೇ ಅದಕ್ಕೆ ಗೊತ್ತಿಲ್ಲ. ಆ ಆಟ ಈಗ ಈ ಪರವೂರಿನ ಯಂತ್ರದಲ್ಲಿ ತನ್ನ ಮನೆಯಂಗಳದಲ್ಲಿ ಓಡುವ ಹಾಗೆ ಓಡುತ್ತಿತ್ತು.

ಪೂರಾ ಹಾಗೆ ಅಲ್ಲ. ಮೊದಲ ಸುತ್ತಿನಲ್ಲಿ ಅಲ್ಲಲ್ಲಿ ತಡವರಿಸಿತು. ಹೊಸ ತಿರುವು ಬಂದಾಗ, ಮೊದಲ ಸಲ ಧೂಳೆದ್ದಾಗ, ಎದುರಿಗೆ ಪೊಲೀಸ್ ಗಾಡಿ ಮಿಣುಕಿದಾಗ ಚಿತ್ರ ಅರೆಗಳಿಗೆ ನಿಂತು ಮುಂದೆ ಹೋಗುತ್ತಿತ್ತು. ಯಂತ್ರ ಹಳೆಯದು, ಕೈಲಾಗುತ್ತಿಲ್ಲ ಎಂದುಕೊಂಡೆ. ಎರಡನೆಯ ಸುತ್ತು ಬಂತು. ಅದೇ ತಿರುವು, ಅದೇ ಧೂಳು. ಎಲ್ಲೂ ನಿಲ್ಲಲಿಲ್ಲ. ಎಣ್ಣೆ ಹಾಕಿದ ಗಾಲಿಯ ಹಾಗೆ ಸರಿಯಿತು.

"ಹಿಂಗ್ಯಾಕ?" ಎಂದು ಕೇಳಿದೆ.

"ಮೊದಲನೇ ಸಲ ಅದಕ್ಕ ಅರ್ಥ ಮಾಡ್ಕೋಬೇಕಲ್ರಿ ಮಾಮಾ. ಒಮ್ಮೆ ತಿಳದ್ರ ಬರದ ಇಟ್ಕೋತದ. ಆಮ್ಯಾಲ ನೆನಪಿಂದ ಹೇಳ್ತದ."

ಆ ಮಾತು ಅವತ್ತು ರಾತ್ರಿ ನನ್ನನ್ನು ನಿದ್ದೆ ಮಾಡಗೊಡಲಿಲ್ಲ.

ನಡುವೆ ನಿಂತು ಅರ್ಥ ಮಾಡಿಕೊಳ್ಳುವ ಆ ಜೀವದ ಹೆಸರು ವೈನ್. ಜೀವ ಎಂದೆ, ಅದೊಂದು ತಂತ್ರಾಂಶ. 1993ರಲ್ಲಿ ಬಾಬ್ ಆಮ್‌ಸ್ಟಾಟ್, ಎರಿಕ್ ಯಂಗ್‌ಡೇಲ್ ಎಂಬವರು ಶುರು ಮಾಡಿದರು. ಮರುವರ್ಷ ಅಲೆಕ್ಸಾಂಡ್ರ್ ಜೂಲಿಯಾರ್ ಅದರ ಹೊಣೆ ಹೊತ್ತರು, ಇಂದಿಗೂ ಹೊತ್ತಿದ್ದಾರೆ. 'ವೈನ್ ಈಸ್ ನಾಟ್ ಆನ್ ಎಮ್ಯುಲೇಟರ್' ಎಂಬುದರ ಮೊದಲಕ್ಷರಗಳೇ ಅದರ ಹೆಸರು. ಎಮ್ಯುಲೇಟರ್ ಒಂದು ಇಡೀ ಯಂತ್ರದ ವೇಷ ಹಾಕುತ್ತದೆ. ವೈನ್ ವೇಷ ಹಾಕುವುದಿಲ್ಲ. ಯಂತ್ರದ ಪ್ರೊಸೆಸರ್ ಎರಡೂ ಕಡೆ ಒಂದೇ. ಕೂಡಿಸು, ಕಳೆ, ಹೋಲಿಸು ಎಂಬ ಮೂಲ ಮಾತುಗಳು ಎರಡೂ ಕಡೆ ಒಂದೇ. ಬೇರೆಯಾಗಿರುವುದು ಕೇಳಿಕೊಳ್ಳುವ ರೀತಿ. ಕಡತ ತೆರೆ, ಕಿಟಕಿ ತೋರಿಸು, ಸದ್ದು ಮಾಡು ಎಂದು ಆಟವು ವ್ಯವಸ್ಥೆಯನ್ನು ವಿಂಡೋಸಿನ ಪರಿಭಾಷೆಯಲ್ಲಿ ಕೇಳುತ್ತದೆ. ವೈನ್ ಕೇಳಿಸಿಕೊಂಡು, ಲಿನಕ್ಸಿನಿಂದ ಆ ಕೆಲಸ ಮಾಡಿಸಿ, ಉತ್ತರವನ್ನು ವಿಂಡೋಸಿನ ಮಾತಿನಲ್ಲೇ ತಂದುಕೊಡುತ್ತದೆ.

ಮರುದಿನ ಅಳಿಯ ಇನ್ನೊಂದು ತೋರಿಸಿದ. ಆಟದ ಕಡತವನ್ನು ಬಿಚ್ಚಿ ಅದರ ಮೊದಲ ಎರಡು ಅಕ್ಷರ ನೋಡಲು ಹೇಳಿದ. ಎಮ್, ಝಡ್. ಡಾಸ್ ಕಾಲದ ಎಂಜಿನಿಯರ್ ಮಾರ್ಕ್ ಝ್ಬಿಕೋವ್ಸ್ಕಿಯ ಹೆಸರಿನ ಮೊದಲಕ್ಷರಗಳು. ವಿಂಡೋಸಿನ ಎಲ್ಲ '.exe' ಕಡತಗಳ ಹಣೆಯ ಮೇಲೂ ಈ ಹಚ್ಚೆ ಇರುತ್ತದೆ. ಆಮೇಲೆ ಇನ್ನೊಂದು ಫೋಲ್ಡರ್ ತೆರೆದ. ಲಿನಕ್ಸಿನಲ್ಲಿ ಸಿ ಡ್ರೈವ್ ಎಂಬುದು ಇಲ್ಲವೇ ಇಲ್ಲ. ಆಟ ಮಾತ್ರ ಹಟ ಹಿಡಿದ ಕೂಸಿನ ಹಾಗೆ ಸಿ ಡ್ರೈವನ್ನೇ ಕೇಳುತ್ತದೆ. ವೈನ್ ಅದಕ್ಕೆಂದೇ ಒಂದು ಸಾದಾ ಫೋಲ್ಡರನ್ನು ಮಾಡಿ, ಅದರೊಳಗೆ ವಿಂಡೋಸ್ ಎಂಬ ಕೋಣೆ, ಪ್ರೋಗ್ರಾಂ ಫೈಲ್ಸ್ ಎಂಬ ಕೋಣೆ ಎಲ್ಲ ಕಟ್ಟಿ, "ಇಗೋ, ಇದೇ ನಿನ್ನ ಸಿ" ಎಂದು ಕೊಡುತ್ತದೆ. ಆಟ ಒಳಗೆ ಬಂದು, ತನ್ನ ಸಾಮಾನು ತಾನು ಇಟ್ಟಿದ್ದ ಜಾಗದಲ್ಲೇ ಇರುವುದನ್ನು ಕಂಡು, ನಿಶ್ಚಿಂತೆಯಿಂದ ಕಾರು ಓಡಿಸಲು ಶುರು ಮಾಡುತ್ತದೆ. ತಾನು ಮನೆ ಬಿಟ್ಟು ಎಷ್ಟು ದೂರ ಬಂದಿದ್ದೇನೆ ಎಂಬುದು ಅದಕ್ಕೆ ತಿಳಿಯುವುದೇ ಇಲ್ಲ.

ಚಿತ್ರಗಳ ಕೆಲಸ ಇನ್ನೂ ಸೂಕ್ಷ್ಮ. ಆಟ ತನ್ನ ರಸ್ತೆ, ಮರ, ನೆರಳುಗಳನ್ನು ಬಿಡಿಸು ಎಂದು ಹೇಳುವುದು ಡೈರೆಕ್ಟ್‌ಎಕ್ಸ್ ಎಂಬ ಮಾತಿನಲ್ಲಿ. ಲಿನಕ್ಸಿನ ಕಡೆ ನಡೆಯುವುದು ವಲ್ಕನ್. ಇವೆರಡರ ನಡುವೆ ಡಿಎಕ್ಸ್‌ವಿಕೆ ಎಂಬ ಇನ್ನೊಬ್ಬ ದುಭಾಷಿ. ಸೆಕೆಂಡಿಗೆ 60 ಚಿತ್ರ ಮೂಡಬೇಕೆಂದರೆ ಒಂದೊಂದಕ್ಕೆ ಸಿಗುವುದು 16 ಮಿಲಿಸೆಕೆಂಡು ಚಿಲ್ಲರೆ ಹೊತ್ತು. ಕಣ್ಣು ಮಿಟುಕಿಸುವುದರೊಳಗೆ ಹಲವು ಚಿತ್ರಗಳು ಬಂದು ಹೋಗಿರುತ್ತವೆ. ಅಷ್ಟರಲ್ಲಿ ಮಾತು ಕೇಳಿ, ತಿರುವಿ, ಒಪ್ಪಿಸಬೇಕು. ನೆರಳು ಹೇಗೆ ಬೀಳಬೇಕು, ಲೋಹ ಹೇಗೆ ಹೊಳೆಯಬೇಕು ಎಂಬ ಚಿಕ್ಕ ಚಿಕ್ಕ ಸೂತ್ರಗಳು ಮೊದಲ ಸಲ ಎದುರಾದಾಗ ಮಾತ್ರ ಅದಕ್ಕೆ ತುಸು ಹೊತ್ತು ಬೇಕು. ನಾನು ಕಂಡ ತಡವರಿಕೆ ಅದೇ. ಯಂತ್ರದ ದಣಿವು ಎಂದು ನಾನು ತಿಳಿದದ್ದು, ಒಂದು ಮಾತು ಇನ್ನೊಂದು ಮಾತಾಗುವ ಗಳಿಗೆಯಾಗಿತ್ತು.

ಈಗ ಇದು ಲೋಕಕ್ಕೆ ಪರಿಚಿತ. 2018ರಲ್ಲಿ ವಾಲ್ವ್ ಕಂಪನಿ ವೈನ್ ಮತ್ತು ಡಿಎಕ್ಸ್‌ವಿಕೆಗಳನ್ನು ಸೇರಿಸಿ ಪ್ರೋಟಾನ್ ಎಂದು ಹೊರತಂದಿತು. 2022ರಲ್ಲಿ ಬಂದ ಅದರ ಕೈಯಂತ್ರ ಸ್ಟೀಮ್ ಡೆಕ್ ಇದೇ ಬಲದ ಮೇಲೆ ವಿಂಡೋಸಿನ ಸಾವಿರಾರು ಆಟಗಳನ್ನು ಆಡಿಸುತ್ತದೆ. ಆದರೆ ನನ್ನ ಮನಸ್ಸು ನಿಂತದ್ದು ಅದಕ್ಕೂ ಹಿಂದಿನ ವರ್ಷಗಳ ಮೇಲೆ. 1993ರಲ್ಲಿ ಹೊರಟ ವೈನ್ ತನ್ನ 1.0 ಆವೃತ್ತಿ ಕಂಡದ್ದು 2008ರ ಜೂನ್‌ನಲ್ಲಿ. ಹದಿನೈದು ವರ್ಷ! ವಿಂಡೋಸಿನ ಮೂಲ ಬರಹವನ್ನು ಕಂಡವರು ಇದರಲ್ಲಿ ಕೈಹಾಕುವಂತಿಲ್ಲ ಎಂಬುದು ವೈನ್ ಬರೆಯುವವರ ಕಟ್ಟುನಿಟ್ಟು. ಮತ್ತೆ ಹೇಗೆ ಕಲಿತರು? ಹೊರಗೆ ನಿಂತು ಪ್ರಶ್ನೆ ಕೇಳಿ. ಹೀಗೆ ಕೇಳಿದರೆ ವಿಂಡೋಸ್ ಏನು ಉತ್ತರ ಕೊಡುತ್ತದೆ, ಹಾಗೆ ಕೇಳಿದರೆ ಏನು ಕೊಡುತ್ತದೆ ಎಂದು ಒಂದೊಂದೇ ಪರೀಕ್ಷೆ ಬರೆದು, ಬಂದ ಉತ್ತರವನ್ನು ಕಂಡು, ಅದೇ ಉತ್ತರ ಬರುವ ಹಾಗೆ ತಮ್ಮ ಕೈಯಾರೆ ಬರೆದು. ಮಗು ಮಾತು ಕಲಿಯುವುದೂ ಹೀಗೇ. ವ್ಯಾಕರಣದ ಪುಸ್ತಕವನ್ನು ಯಾರೂ ಅದರ ಕೈಗೆ ಕೊಟ್ಟಿರುವುದಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬೆರಗಾಗಿಸಿತು. ವೈನ್ ವಿಂಡೋಸಿನ ಸರಿಗಳನ್ನಷ್ಟೇ ಕಲಿತರೆ ಸಾಲದು, ತಪ್ಪುಗಳನ್ನೂ ಕಲಿಯಬೇಕು. ಹಳೆಯ ಆಟ ಬರೆದವರು ಎಷ್ಟೋ ಸಲ ಆ ತಪ್ಪಿನ ಮೇಲೇ ಗೋಡೆ ಎಬ್ಬಿಸಿರುತ್ತಾರೆ. ತಿದ್ದಿ ಉತ್ತರ ಕೊಟ್ಟರೆ ಗೋಡೆ ಕುಸಿಯುತ್ತದೆ. ಆದ್ದರಿಂದ ಎಲ್ಲಿ ಎಡವುತ್ತಿತ್ತೋ ಅಲ್ಲಿಯೇ ಎಡವಿ ತೋರಿಸಬೇಕು.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ವಟವೃಕ್ಷ ಸ್ವಾಮಿ ಸಮರ್ಥರ ಗುಡಿಯ ಹಾದಿಯಲ್ಲಿ ಕಾಯಿ, ಹೂವು ಮಾರುವ ಒಬ್ಬ ಅಜ್ಜಿ. ಪುಣೆಯ ಕಡೆಯಿಂದ ಬಂದ ಭಕ್ತರಿಗೆ ಮರಾಠಿ, ದುಧನಿ, ಮೈಂದರಗಿಯಿಂದ ಬಂದವರಿಗೆ ಕನ್ನಡ, ಪಕ್ಕದ ಬಳೆ ಅಂಗಡಿಯ ಅಕ್ಕನ ಜೊತೆ ದಖನಿ. ಒಂದು ಮಾತು ಮುಗಿದು ಇನ್ನೊಂದು ಶುರುವಾಗುವ ಜಾಗವನ್ನು ಎಷ್ಟು ಕಿವಿಗೊಟ್ಟರೂ ಹಿಡಿಯಲಾಗುವುದಿಲ್ಲ. ಒಮ್ಮೆ ಪುಣೆಯ ಗಿರಾಕಿಯೊಬ್ಬರು ಅಕ್ಕರೆಯಿಂದ ಕನ್ನಡವನ್ನೇ ಆಡಹೋಗಿ, "ಅಜ್ಜಿ, ಹೂವು ಎಷ್ಟು ಹೋಯ್ತು?" ಎಂದರು. ಅವಳು ನಗಲಿಲ್ಲ, ತಿದ್ದಲಿಲ್ಲ. "ಹತ್ತು ಹೋಯ್ತು ಸಾಹೇಬ್ರ" ಎಂದು ಅವರ ತಪ್ಪಿನಲ್ಲೇ ಬೆಲೆ ಹೇಳಿ ಹೂವು ಕಟ್ಟಿಕೊಟ್ಟಳು. ಬಂದವರ ಮುಖದ ಮೇಲೆ ಕನ್ನಡ ಬಂದ ಸಂತೋಷ ಹಾಗೇ ಉಳಿಯಿತು. ಎದುರಿನವರ ಮಾತನ್ನು ಅದರ ತಪ್ಪಿನ ಸಮೇತ ಎತ್ತಿಕೊಳ್ಳುವುದಕ್ಕೆ ಬರೀ ಜಾಣತನ ಸಾಲದು, ಮಮತೆ ಬೇಕು.

ನಮ್ಮ ಸೀಮೆಯ ಮಾತೇ ಹೀಗೆ ಹಾಸುಹೊಕ್ಕಾದದ್ದು. ನಮ್ಮ ತುಪ್ಪ ಮರಾಠಿಯ ಬಟ್ಟಲಲ್ಲಿ 'ತೂಪ' ಆಗಿ ಕೂತಿದೆ, ಅಡಕೊತ್ತು 'ಅಡಕಿತ್ತಾ' ಆಗಿದೆ. ಒಂದೂವರೆಗೆ ಅವರು ಹೇಳುವ 'ದೀಡ', ಎರಡೂವರೆಗೆ ಹೇಳುವ 'ಅಡೀಚ' ನಮ್ಮ ಸಂತೆಯ ಲೆಕ್ಕದಲ್ಲಿ ಬೆರೆತಿವೆ. ಜಾಣತನ ಹೆಚ್ಚಾದವನನ್ನು ನಾವು 'ದೀಡ ಶಾಣ್ಯಾ' ಎನ್ನುವಾಗ ಅದರೊಳಗೆ ಮರಾಠಿ ಇದೆಯೆಂಬ ನೆನಪು ಯಾರಿಗೂ ಆಗುವುದಿಲ್ಲ.

ನಾನು ಓದಿದ್ದು ಅಕ್ಕಲಕೋಟೆ ತಾಲೂಕಿನ ಒಂದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ. ನಮ್ಮ ಪುಸ್ತಕಗಳು ಬರುತ್ತಿದ್ದದ್ದು ಬೆಂಗಳೂರಿನಿಂದಲ್ಲ, ಪುಣೆಯಿಂದ. 1967ರಲ್ಲಿ ಅಲ್ಲಿ ಶುರುವಾದ ಬಾಲಭಾರತಿ ಮರಾಠಿಯ ಜೊತೆಗೆ ಉರ್ದು, ಗುಜರಾತಿ, ತೆಲುಗು, ಸಿಂಧಿ, ಕನ್ನಡಗಳಲ್ಲಿಯೂ ಮಹಾರಾಷ್ಟ್ರದ ಪಠ್ಯಪುಸ್ತಕಗಳನ್ನು ಅಚ್ಚು ಹಾಕಿಸುತ್ತದೆ. ಅಭ್ಯಾಸಕ್ರಮ ಒಂದೇ, ಪರೀಕ್ಷೆ ಒಂದೇ, ಮಾತು ಮಾತ್ರ ಮಗುವಿನದು.

ನಾಲ್ಕನೇ ಇಯತ್ತೆಯಲ್ಲಿ ಇತಿಹಾಸವೆಂದರೆ ಇಡೀ ವರ್ಷ ಶಿವಾಜಿ ಮಹಾರಾಜರು. ಅದರಲ್ಲಿ ಘೋಡಖಿಂಡದ ಪಾಠ. 1660ರ ಮಳೆಗಾಲ. ಪನ್ಹಾಳಗಡದ ಮುತ್ತಿಗೆಯಿಂದ ಪಾರಾದ ಮಹಾರಾಜರು ವಿಶಾಳಗಡದ ಕಡೆ ಧಾವಿಸುತ್ತಾರೆ. ಅವರ ಸರದಾರ ಬಾಜಿಪ್ರಭು ಘೋಡಖಿಂಡ ಎಂಬ ಕಣಿವೆಯ ಬಾಯಿಗೆ ಅಡ್ಡ ನಿಲ್ಲುತ್ತಾನೆ. ಮಹಾರಾಜರು ಗಡ ಮುಟ್ಟಿದರೆ ತೋಫಿನ ಸದ್ದು ಕೇಳಬೇಕು. ಮೈಯೆಲ್ಲ ಗಾಯವಾದರೂ ಅವನು ಆ ಸದ್ದಿಗಾಗಿ ಕಾದು ಕಾದು ಕಾದುತ್ತಾನೆ. ಗುರುಗಳು ಓದುತ್ತಿದ್ದರು. ಇಡೀ ವರ್ಗ ಕಿವಿ ನಿಮಿರಿಸಿ ಕಿಟಕಿಯಾಚೆಯ ಜೋಳದ ಹೊಲದ ಕಡೆ ನೋಡುತ್ತಿತ್ತು, ತೋಫು ಅಲ್ಲಿಂದಲೇ ಗುಡುಗಬೇಕು ಎನ್ನುವ ಹಾಗೆ. ಸದ್ದು ಕೇಳಿತು. ಬಾಜಿ ಕಣ್ಣು ಮುಚ್ಚಿದ. ನಾನು ಪುಸ್ತಕದಲ್ಲಿ ಮುಖ ಹುದುಗಿಸಿ ಅತ್ತೆ.

ಇಷ್ಟು ವರ್ಷಗಳ ಮೇಲೆ, ಅಳಿಯನ ಮಂಚದ ಮೇಲೆ ಕೂತಾಗ ನನಗೆ ಹೊಳೆದದ್ದು ಇದು: ಆ ಹೊತ್ತು ನಾನು ಅನುವಾದ ಓದುತ್ತಿದ್ದೇನೆ ಎಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಪಾಲಿಗೆ ಬಾಜಿಪ್ರಭು ಕನ್ನಡದವನು. ಆ ತೋಫು ಕನ್ನಡದಲ್ಲೇ ಗುಡುಗಿತ್ತು. ಪುಣೆಯ ಯಾವುದೋ ಮೇಜಿನ ಮುಂದೆ ಕೂತು, ಮರಾಠಿಯ ಒಂದೊಂದು ವಾಕ್ಯವನ್ನು ಎತ್ತಿ, ಅಕ್ಕಲಕೋಟೆಯ ಹುಡುಗನ ಕಿವಿಗೆ ಒಗ್ಗುವ ಹಾಗೆ ಇಳಿಸಿದ ಕೈ ಯಾರದೋ. ಅವರು ಅಷ್ಟು ಚೆನ್ನಾಗಿ ಕೆಲಸ ಮಾಡಿದರು, ಹೀಗಾಗಿ ನನಗೆ ಕಾಣಿಸಲೇ ಇಲ್ಲ. ಸಿ ಡ್ರೈವನ್ನು ಕೇಳಿ, ಸಿ ಡ್ರೈವನ್ನೇ ಪಡೆದು, ಕಾರು ಓಡಿಸಿದ ಆಟದ ಹಾಗೆ ನಾನೂ ಮನೆಯಲ್ಲೇ ಇದ್ದೇನೆಂದು ನಂಬಿ ಅತ್ತಿದ್ದೆ. ಆ ನಂಬಿಕೆ ಸುಳ್ಳಲ್ಲ. ಯಾರೋ ನನಗಾಗಿ ನಿಜ ಮಾಡಿಕೊಟ್ಟದ್ದು.

ನಮ್ಮ ಜಿಲ್ಲಾ ಕೇಂದ್ರ ಸೊಲ್ಲಾಪುರ ಇಂಥ ಕೈಗಳ ಊರು. ಬೇಂದ್ರೆಯವರ ಮನೆಮಾತು ಮರಾಠಿ, ಕಾವ್ಯದ ಮಾತು ಕನ್ನಡ. ಅವರು 1944ರಿಂದ 1956ರವರೆಗೆ ಕನ್ನಡ ಕಲಿಸಿದ್ದು ಇದೇ ಊರಿನ ಡಿಎವಿ ಕಾಲೇಜಿನಲ್ಲಿ. 1912ರಲ್ಲಿ ಇಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆ ಎರಡೂ ಭಾಷೆಗಳಲ್ಲಿ ಬರೆದರು, ಸಿದ್ಧರಾಮನ ಕಥೆಯನ್ನು ಕನ್ನಡದಲ್ಲಿ ಮಹಾಕಾವ್ಯವಾಗಿ ಹಾಡಿದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದವರು ಗಡಿಯಾಚೆಯ ಈ ತಾಯಿ. ಹನ್ನೆರಡನೆಯ ಶತಮಾನದಲ್ಲಿ, ಸೊನ್ನಲಿಗೆ ಎನಿಸಿದ್ದ ಇದೇ ಊರಿನಲ್ಲಿ ಕೆರೆ ಕಟ್ಟಿಸಿ, ಕನ್ನಡದಲ್ಲಿ ವಚನ ನುಡಿದ ಸಿದ್ಧರಾಮನ ಜಾತ್ರೆಗೆ ಪ್ರತಿ ಸಂಕ್ರಾಂತಿಗೆ ಬಿಳಿಯ ಬಾರಾಬಂದಿ ತೊಟ್ಟು ನಂದಿಧ್ವಜ ಹೊರುವವರ ಸಾಲು ನೋಡಬೇಕು. ಜಾತ್ರೆ ಒಂದೇ. ಹೊತ್ತವರ ಮನೆಮಾತು ಕನ್ನಡ, ಮರಾಠಿ, ತೆಲುಗು.

ಆಟ ಮುಗಿಸಿ ಹುಡುಗ ಕೀಬೋರ್ಡ್ ಎತ್ತಿದ. ಕೆಳಗೆ ಚಾದರದ ನವಿಲು ಕಾಣಿಸಿತು. ನಾನು ಬಗ್ಗಿ ನೋಡಿದೆ. ದೂರದಿಂದ ದುಂಡಗೆ ಬಾಗಿದ ಕತ್ತು. ಹತ್ತಿರದಿಂದ ಅದು ಚಿಕ್ಕ ಚಿಕ್ಕ ಮೆಟ್ಟಿಲುಗಳ ಸಾಲು, ಪರದೆಯ ಮೇಲಿನ ಚುಕ್ಕಿಗಳ ಹಾಗೆ. ಸೊಲ್ಲಾಪುರದ ಮಗ್ಗದ ಮೇಲೆ ಈ ನವಿಲು ಹುಟ್ಟುವುದನ್ನು ನಾನು ಕಂಡಿದ್ದೇನೆ. ಮೊದಲು ಚೌಕಳಿ ಕಾಗದದ ಮೇಲೆ ಚಿತ್ರ. ಅದನ್ನು ನೋಡಿ ರಟ್ಟಿನ ಪಟ್ಟಿಗಳಲ್ಲಿ ತೂತು. ಪಟ್ಟಿಗಳನ್ನು ಸರದ ಹಾಗೆ ಹೊಲಿದು ಮಗ್ಗದ ನೆತ್ತಿಯ ಜಕಾರ್ಡಿಗೆ ಏರಿಸುತ್ತಾರೆ. ತೂತಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಸುಮ್ಮನಿರುತ್ತದೆ, ನಡುವೆ ಲಾಳಿ ಹಾಯುತ್ತದೆ. ರಟ್ಟಿಗೆ ನವಿಲು ಗೊತ್ತಿಲ್ಲ. ಎಳೆಗೆ ಗೊತ್ತಿಲ್ಲ. ನವಿಲು ಮಾತ್ರ ಕಾಗದದಿಂದ ತೂತಿಗೆ, ತೂತಿನಿಂದ ನೂಲಿಗೆ ದಾಟಿ ಗರಿ ಮುಕ್ಕಾಗದೆ ಬಂದು ಕೂರುತ್ತದೆ.

1804ರ ಸುಮಾರಿಗೆ ಫ್ರಾನ್ಸಿನಲ್ಲಿ ಜಕಾರ್ಡ್ ಎಂಬಾತ ಮಾಡಿದ ಈ ಯಂತ್ರದ ತೂತಿನ ಪಟ್ಟಿಯನ್ನೇ 1830ರ ದಶಕದಲ್ಲಿ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಎರವಲು ಪಡೆದ. ಗಣಕದ ವಂಶವೃಕ್ಷದಲ್ಲಿ ನೇಕಾರನೂ ಒಬ್ಬ ಮೂಲಪುರುಷ. ಅಂದರೆ ಆ ಮಂಚದ ಮೇಲೆ ಅಜ್ಜ, ಮೊಮ್ಮಗ ಇಬ್ಬರೂ ಇದ್ದರು, ಕೆಳಗೆ ನವಿಲಾಗಿ, ಮೇಲೆ ಕಾರಾಗಿ.

ಎಲ್ಲವೂ ದಾಟುತ್ತದೆ ಎಂದು ನಾನು ಹೇಳಲಾರೆ. ಮೋಸ ತಡೆಯುವ ಕಾವಲು ವ್ಯವಸ್ಥೆಯಿರುವ ಕೆಲವು ಆನ್‌ಲೈನ್ ಆಟಗಳು ಲಿನಕ್ಸನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಮಾತು ಎಷ್ಟು ಚೆನ್ನಾಗಿ ಬಂದರೂ ಬಾಗಿಲಲ್ಲಿ ಹುಟ್ಟೂರು ಕೇಳುವವರು ಇರುತ್ತಾರೆ. ನಮ್ಮ ಮನೆಯೊಳಗೂ ಒಂದು ಮುಚ್ಚಿದ ಬಾಗಿಲಿತ್ತು. ಅಳಿಯ ಮನೆಯಲ್ಲಿ ಕನ್ನಡ ಆಡುತ್ತಾನೆ, ಓದುವುದು ಮರಾಠಿ ಮತ್ತು ಇಂಗ್ಲಿಷ್. ಕನ್ನಡ ಅಕ್ಷರ ಅವನಿಗೆ ಗುರುತಷ್ಟೇ. ಅವ್ವನ ಮಾತನ್ನು ಕಿವಿಯಲ್ಲಿ ಬಲ್ಲವನು ಕಣ್ಣಿನಲ್ಲಿ ಅರಿಯ. ಗಡಿಯ ನೂರಾರು ಮನೆಗಳಲ್ಲಿ ಹೀಗಾಗಿದೆ. ಇದರ ನೋವು ನನಗೆ ಯಾವತ್ತೂ ಕಡಿಮೆಯಾಗಿಲ್ಲ.

ಊರಿಗೆ ಹೊರಡುವ ಮುನ್ನಾದಿನ ಅಕ್ಕನ ಟ್ರಂಕಿನಲ್ಲಿ ನನ್ನ ನಾಲ್ಕನೇ ಇಯತ್ತೆಯ ಪುಸ್ತಕ ಸಿಕ್ಕಿತು. ರಕ್ಷಾಪುಟ ಹೋಗಿತ್ತು, ಅಂಚು ಗೆದ್ದಲು ತಿಂದ ಹಾಗಿತ್ತು. ಘೋಡಖಿಂಡದ ಪಾಠ ತೆಗೆದು ಮಂಚದ ಮೇಲೆ ಇಟ್ಟೆ, ಏನೂ ಹೇಳಲಿಲ್ಲ. ಬಾಜಿಪ್ರಭುವಿನ ಕಥೆಯನ್ನು ಅವನು ಮರಾಠಿಯಲ್ಲಿ ಬಾಯಿಪಾಠ ಬಲ್ಲ. ಚಿತ್ರ ನೋಡಿದ ಕೂಡಲೇ ಗುರುತು ಹಿಡಿದ.

"ಇದು ಕನ್ನಡದಾಗೂ ಅದ ಏನ್ರಿ ಮಾಮಾ?"

"ನಾ ಓದಿದ್ದು ಇದನ್ನೇ."

ಬೆರಳಿಟ್ಟು ಓದತೊಡಗಿದ. ಬಾ. ಜಿ. 'ಪ್ರ' ಬಂದಲ್ಲಿ ನಿಂತ. ಕೆಳಗಿನ ಒತ್ತನ್ನು ನೋಡಿದ, ನನ್ನ ಮುಖ ನೋಡಿದ. ನಾನು ತುಟಿ ಬಿಚ್ಚಲಿಲ್ಲ. ಅವನೇ ತುಟಿಯೊಳಗೆ ಕೂಡಿಸಿ, "ಪ್ರಭು" ಎಂದ. ಮುಂದಿನ ಸಾಲಿನಲ್ಲಿ 'ಖಿಂಡ'ಕ್ಕೆ ಎಡವಿದ, 'ಶತ್ರು'ವಿಗೆ ಎಡವಿದ. ಒಂದು ಪುಟಕ್ಕೆ ಅರ್ಧ ತಾಸು ಹಿಡಿಯಿತು. ಕೆಳಗೆ ಅಕ್ಕನ ರೊಟ್ಟಿ ಬಡಿಯುವ ಸದ್ದು ಯಾವಾಗಲೋ ನಿಂತಿತ್ತು. ಅವಳು ಹಿಟ್ಟಿನ ಕೈಯಲ್ಲೇ ಮೆಟ್ಟಿಲಿನ ಕೊನೆಗೆ ಬಂದು ನಿಂತಿದ್ದಳು.

ಪುಟ ಮುಗಿಯಿತು. ಅವನು ಬೆರಳನ್ನು ಎತ್ತಿ ಮತ್ತೆ ಮೊದಲ ಸಾಲಿನ ಮೇಲೆ ಇಟ್ಟ.

"ಬಾಜಿಪ್ರಭು" ಎಂದ. ಈ ಸಲ ಎಲ್ಲೂ ನಿಲ್ಲಲಿಲ್ಲ.